ಅನಸಕ್ಕನ ಗಂಟು

ರಬಕವಿ, ಸೋಮವಾರ, ೯ ಆಗಸ್ಟ್ ೧೯೫೪

ಬೆಳಿಗ್ಗೆ ಸಾಲಿಯಲ್ಲಿ ಪ್ಯಾಸಿವ್ ವಾಯ್ಸ್ ಕಲಿಸಿದೆ. ಹುಡುಗರು ಅದಕ್ಕಿಂತ ಪ್ಯಾಸಿವ್. ಊಟಕ್ಕೆ ಬಂದರೆ ಮನೆಯಲ್ಲಿ ವಾಯ್ಸೇ ಇಲ್ಲ. ಅಕ್ಕನ ಗಂಡ ಕಾಶಪ್ಪ ಮಾಮಾ ಹೊರಕೋಣೆಯ ಕುಣಿಮಗ್ಗದಲ್ಲಿ ಕುಳಿತು ನೇಯುತ್ತಿದ್ದಾನೆ. ಅನಸಕ್ಕ ಒಳಗೆ ರಾಟಿಯ ಮುಂದಿದ್ದಾಳೆ, ರಾಟಿ ನಿಂತಿದೆ. ಮಾಸ್ತರಿಕೆ ಸಿಕ್ಕಂದಿನಿಂದ ಇವರ ಅಟ್ಟದ ಮೇಲೆ ನನ್ನ ಬಿಡಾರ. ರಾಟಿ ನಿಂತದ್ದು ಇದೇ ಮೊದಲು.

"ಗಂಟು ಬೆಳ್ಯಾಕತ್ತೈತೋ ತಮ್ಮಾ."

"ಬೆಳೀಲಿ ಬಿಡು, ನನಗೂ ಒಂದು ಪಾಲು ಕೊಡು" ಎಂದೆ. ಅಕ್ಕ ನಗಲಿಲ್ಲ. ಸೆರಗಿನ ಮೇಲಿಂದ ಎಡ ಎದೆಗೆ ಕೈಯಿಟ್ಟಳು. ಈ ನಾಲಿಗೆಗೆ ಬಿ.ಎ. ಕೊಟ್ಟ ಮಹಾನುಭಾವರು ಯಾರೋ!

ಎಲೆಯಡಿಕೆ ಸಂಚಿಯಿಂದ ಒಂದು ನೂಲೆಳೆ ತೆಗೆದಳು. ಎರಡು ಕಡೆ ಸೀರೆಯ ಪಕ್ಕಾ ಬಣ್ಣದ ಗುರುತು. ಐದು ವಾರದ ಹಿಂದೆ ಜಳಕದ ಹೊತ್ತಿಗೆ ಗಂಟಿನ ಉದ್ದ ಅಳೆದು ಹಾಕಿದ್ದಂತೆ. ಪ್ರತಿ ಸೋಮವಾರ ಅದೇ ಎಳೆ ಹಿಡಿಯುತ್ತಾಳೆ. ಪ್ರತಿ ಸೋಮವಾರ ಗಂಟು ಗುರುತು ದಾಟಿರುತ್ತದೆ.

"ಕ್ಯಾನ್ಸರ್ ಅಂತಾರಲ್ಲ... ಅದss ಏನು?"

"ದಾಕ್ಟರಿಗೆ ಕೇಳೂಣು."

"ನಿಮ್ಮ ಮಾಮಾಗ ಹೇಳಬ್ಯಾಡ. ಕೈ ನಡುಗಿ ಸೀರಿ ಕೆಡಸ್ತಾನ."

ಬುಧವಾರ, ೧೧

ಮಾಮಾನಿಗೆ ಹೇಳಿದೆ. ಕೈ ನಡುಗಿತು, ಸೀರೆ ಕೆಟ್ಟಿತು. ಮೂವರೂ ಜಮಖಂಡಿ ಬಸ್ಸು ಹತ್ತಿದೆವು.

ದಾಕ್ಟರೀಣಬಾಯಿ ಅಲಕಾತಾಯಿ. ಮರಾಠಿಯಲ್ಲಿ ಗದರಿಸಿ ಕನ್ನಡದಲ್ಲಿ ಸಮಾಧಾನ ಮಾಡುವವರು. ನಾನು ಪರದೆಯ ಹೊರಗೆ, ಕಿವಿ ಒಳಗೆ.

"ನೋಯತೈತೇನ್ರಿ?"

"ಇಲ್ರಿ ಬಾಯಾರ. ಅದss ಒಂದು ಧೈರ್ಯ."

"ಆ ಧೈರ್ಯ ಬ್ಯಾಡ್ರಿ. ಕೆಟ್ಟ ಗಂಟು ಮೊದಲಿಗೆ ನೋಯೂದss ಇಲ್ಲ."

ಆಮೇಲೆ ಹೊರಗೆ ಬಂದು ಹೇಳಿದರು. ಗಂಟು ದುಂಡಗಿದೆ, ನುಣುಪಾಗಿದೆ, ಬೆರಳು ತಾಗಿದರೆ ಜಾರುತ್ತದೆ. ಒಳ್ಳೆಯ ಲಕ್ಷಣ. ಕಲ್ಲಿನಂತಿದ್ದು ಅಲುಗದೆ ಕಚ್ಚಿ ಕೂತರೆ, ಮೇಲಿನ ಚರ್ಮ ಒಳಗೆ ಎಳೆದರೆ, ಕಂಕುಳಲ್ಲಿಯೂ ಗಂಟು ಸಿಕ್ಕರೆ, ಕೆಟ್ಟದ್ದು. ಆದರೆ ವಾರವಾರವೂ ಬೆಳೆಯುತ್ತಿದೆ ಎಂಬುದೊಂದೇ ಅವರಿಗೆ ಸೇರಲಿಲ್ಲ. ಹುಬ್ಬು ಗಂಟಿಕ್ಕಿದರು. ಇನ್ನೊಂದು ಗಂಟು!

ಬಸ್ಸಿನಲ್ಲಿ ಅಕ್ಕ ಸಂಚಿ ಬಿಚ್ಚಿ ಮತ್ತೆ ಆ ಎಳೆಯನ್ನೇ ನೋಡಿದಳು.

ಶುಕ್ರವಾರ, ೧೩ — ಸಂಜೆ ಐದು

ಸಿಕ್ಕಿತು! ಸಿಕ್ಕಿತು! ಆರ್ಕಿಮಿಡೀಸನ ಹಾಗೆ ಓಡಿದೆ, ಧೋತರ ಮಾತ್ರ ಮೈಮೇಲಿತ್ತು.

ಮಧ್ಯಾಹ್ನ ಮಾಮಾ ಗಿರಾಕಿಯೊಬ್ಬನಿಗೆ ಬೈಯುತ್ತಿದ್ದ: "ಹೊಸಾ ಸೀರಿ ಒಮ್ಮಿ ನೀರು ಕಂಡ್ರ ಗೇಣು ಕುಗ್ಗತೈತೋ ಮಾರಾಯಾ, ನಾ ಏನ ಮಾಡ್ಲಿ?" ತಲೆಯಲ್ಲಿ ಲಾಳಿ ಓಡಿತು. ಮಗ್ಗದ ಹಾಸಿನಿಂದ ಹೊಸ ಎಳೆ ಹರಿದೆ, ಗುರುತು ಹಾಕಿದೆ, ನೀರಲ್ಲಿ ಅದ್ದಿ ಒಣಗಿಸಿದೆ. ಮತ್ತೆ ಅದ್ದಿದೆ. ಗುರುತುಗಳ ನಡುವಿನ ಎಳೆ ಕುಗ್ಗಿದೆ! ಐದು ಸೋಮವಾರ ಬಚ್ಚಲಲ್ಲಿ ನೆನೆದದ್ದು ಅಕ್ಕನ ಎಳೆ. ಗಂಟು ಇದ್ದಷ್ಟೇ ಇದೆ, ಅಳತೆ ಸಣ್ಣದಾಗಿದೆ!

"ಮೂವತ್ತು ವರ್ಷ ನೂಲಿನ್ಯಾಗ ಕೂದಲಾ ಬೆಳ್ಳಗ ಮಾಡೀದಿ" ಎಂದ ಮಾಮಾ ಅಕ್ಕನಿಗೆ, "ಇಷ್ಟ ಹೊಳೀಲಿಲ್ಲಲ್ಲ!"

"ಎದಿ ಹೊಡಕೊಳ್ಳೂವಾಗ ನೂಲಿನ ಗುಣ ಯಾರಿಗೆ ನೆನಪಾಗತೈತಿ?" ಎಂದಳು ಅಕ್ಕ. ನಕ್ಕಳು. ನಾಲ್ಕು ದಿನದ ಮೇಲೆ.

ಶನಿವಾರ, ೧೪

ಅಲಕಾತಾಯಿಯವರಿಗೆ ಎಳೆ ತೋರಿಸಿದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆದರೂ — "ಮಾಸ್ತರ, ಬೆರಳು ಸಾಕ್ಷಿ ಹೇಳತೈತಿ, ತೀರ್ಪು ಹೇಳೂದಿಲ್ಲ. ಗಂಟು ತಗದು ಮಿರಜಿನ ದೊಡ್ಡ ದವಾಖಾನಿಗೆ ಕಳಸೂಣು. ಅಲ್ಲಿ ತೆಳ್ಳಗ ಕೊಯ್ದು ದುರ್ಬೀನಿನ್ಯಾಗ ನೋಡ್ತಾರ."

ಸೋಮವಾರ ಆಪರೇಶನ್. ಉತ್ಸಾಹ ಅರ್ಧ ಇಳಿಯಿತು. ಅರ್ಧ ಉಳಿಯಿತು.

ಸೋಮವಾರ, ೧೬

ಆಯಿತು. ಅಡಿಕೆಯಷ್ಟು ಗಂಟು. ಔಷಧದ ಸೀಸೆಯಲ್ಲಿ ತೇಲುತ್ತ ಮಿರಜಿಗೆ ಹೋಯಿತು. ಮನೆಯಲ್ಲಿ ಟಿಕೆಟ್ಟಿಲ್ಲದೆ ಪರವೂರು ಕಂಡದ್ದು ಅದೊಂದೇ.

ಸೋಮವಾರ, ೩೦

ಹದಿನಾಲ್ಕು ದಿನ ಬರೆಯಲಾಗಲಿಲ್ಲ. ಈಗ ಕೈ ನಿಲ್ಲುತ್ತಿಲ್ಲ!

ಬೆಳಿಗ್ಗೆ ಜಮಖಂಡಿಯಿಂದ ಆಳು ಬಂದ: ಮಿರಜಿನ ಕಾಗದವೂ ಬಂದಿದೆ, ಗಂಟಿನ ಚೂರಿಟ್ಟ ಸ್ಲೈಡೂ ಬಂದಿದೆ. ದವಾಖಾನೆಯಲ್ಲಿ ಅಲಕಾತಾಯಿ ಕಾಗದ ಬಿಡಿಸುತ್ತಿದ್ದಂತೆ ಅಕ್ಕ ಅಡ್ಡ ಕೈ ಮಾಡಿದಳು.

"ತಡೀರಿ ಬಾಯಾರ. ಸೀರಿ ನೋಡಲಾರದ ನಾವು ಬೆಲಿ ಹೇಳೂದಿಲ್ಲ. ಮೊದಲ ನಾ ನೋಡತೇನಿ."

ದಾಕ್ಟರು ಕಾಗದ ಮಡಿಚಿ ಬದಿಗಿಟ್ಟರು. ಎರಡು ಗಾಜಿನ ಪಟ್ಟಿ ತಂದರು, ಒಂದು ತಮ್ಮ ಹಳೆಯ ಪೆಟ್ಟಿಗೆಯದು. ಯಾವುದು ಯಾರದೆಂದು ಹೇಳಲಿಲ್ಲ. ಅಕ್ಕ ಒಂದು ಕಣ್ಣು ಮುಚ್ಚಿ ದಾಕ್ಟರ ದುರ್ಬೀನಿನ, ಅಂದರೆ ಮೈಕ್ರೋಸ್ಕೋಪಿನ, ಮೇಲೆ ಬಗ್ಗಿದಳು.

"ಇದಕ್ಕ ಅಂಚು ಐತ್ರಿ. ಬಿಗಿ ಅಂಚು. ಏನೈತೋ ಎಲ್ಲಾ ಅಂಚಿನ ಒಳಗss ಐತಿ."

ಎರಡನೆಯದು.

"ಅಯ್ಯ ಶಿವನ... ಇದಕ್ಕ ಅಂಚss ಇಲ್ಲಲ್ರಿ. ಎಳಿ ಎಲ್ಲಾ ಬಾಜೂದರಾಗ ಹೊಕ್ಕಾವು. ಇದನ್ನ ಬಿಡಸಾಕ ಬರೂದಿಲ್ಲ." ತಲೆಯೆತ್ತಿದಳು. ಮುಖ ಸುಣ್ಣವಾಗಿತ್ತು. "ನಂದು ಯಾವುದ್ರಿ?"

ಮಾಮಾ ಗೋಡೆ ಹಿಡಿದುಕೊಂಡ. ನಾನು ಮಾಮಾನನ್ನು ಹಿಡಿದುಕೊಂಡೆ.

"ಮೊದಲಿಂದು!" ಎಂದರು ಅಲಕಾತಾಯಿ. "ಅಂಚು ಇದ್ದದ್ದು! ಸಾದಾ ಗಂಟು, ಕ್ಯಾನ್ಸರ್ ಅಲ್ಲ. ಮಿರಜಿನವರು ಒಂದು ಪುಟ ಇಂಗ್ಲಿಷಿನ್ಯಾಗ ಬರದದ್ದನ್ನ ನೀವು ಒಂದು ಮಾತಿನ್ಯಾಗ ಹೇಳಿದ್ರಿ!"

ಮಾಮಾ ಅತ್ತ. ನಾನು ಅವನನ್ನು ಗೇಲಿ ಮಾಡಲು ಹೋಗಿ ಅತ್ತೆ. ಅಕ್ಕ ಅಳಲಿಲ್ಲ.

"ಆ ಇನ್ನೊಂದು ಯಾರದ್ರಿ?"

"ನಿಮ್ಮ ವಯಸ್ಸಿನಾಕಿ. ನೋಯೂದಿಲ್ಲ ಅಂತ ಎರಡು ವರ್ಷ ಸುಮ್ಮ ಇದ್ಲು."

ಮಂಗಳವಾರ, ೩೧ — ಮಧ್ಯಾಹ್ನ ಮೂರು

ಮನೆ ತುಂಬ ಹೆಂಗಸರು! ಓಣಿಯಲ್ಲಿ ಕಂಡಿಕೆಗೆ ನೂಲು ಸುತ್ತುವವರನ್ನೆಲ್ಲ ಅಕ್ಕ ಕರೆದಿದ್ದಾಳೆ. ಮಾಮಾನನ್ನು ಮಗ್ಗದಿಂದ ಎಬ್ಬಿಸಿ ಓಡಿಸಿದಳು, ನನ್ನನ್ನು ಅಟ್ಟಕ್ಕೆ ಅಟ್ಟಿದಳು. ಬಾಗಿಲಿಗೆ ಅಗಳಿ. ಕೆಳಗೆ ನಗೆಯೋ ನಗೆ — "ಕಚಗುಳಿ ಆಗತೈತಿ ಬಿಡವ್ವಾ!" "ಗಂಡ ಮುಟ್ಟಿದ್ರ ಆಗೂದಿಲ್ಲೇನ?" — ತಾರವ್ವನ ಧ್ವನಿ, ಸಾತವ್ವನ ಧ್ವನಿ. ಅಕ್ಕ ಬೆರಳಿನಿಂದ ಪಾಠ ಹೇಳುತ್ತಿದ್ದಾಳೆ, ಜಾರುವ ಗಂಟು, ಜಾರದ ಗಂಟು. ನನ್ನ ಪ್ಯಾಸಿವ್ ವಾಯ್ಸಿಗೆ ಇಂಥ ಕ್ಲಾಸು ಎಂದೂ ಸಿಗಲಿಲ್ಲ. ಇದನ್ನು ಹೆಡ್‌ಮಾಸ್ತರರಿಗೆ ಹೇಳಿ —

ನಗು ನಿಂತಿತು. ಒಮ್ಮೆಲೇ.

"ಸಾತವ್ವಾ, ಅಲುಗಬ್ಯಾಡ. ಇನ್ನೊಮ್ಮಿ ನೋಡತೇನಿ."

"ಇದು ಜಾರವಲ್ದು..."

ಅಗಳಿ ತೆಗೆದ ಸದ್ದು. "ತಮ್ಮಾ! ಜಮಖಂಡಿ ಬಸ್ಸು ನಿಂದರಸು, ಓಡು —"