ಚುಕ್ಕಾಣಿಯ ಕೆಳಗಿನ ಹಲಗೆ

ಅಪ್ಪ,

ನಿನ್ನ ಟೆರ್ನೆನ್ ಹಡಗನ್ನು ಈ ವಾರ ಒಡೆಯಲು ಶುರುಮಾಡಿದರು. ಯುದ್ಧದಲ್ಲಿ ಪ್ರಷ್ಯದವರ ಗುಂಡು ತಗುಲಿ ನೀನು ಅದರ ಚುಕ್ಕಾಣಿಯ ಬಳಿ ಬಿದ್ದ ಮೇಲೂ ಅದು ಬಹಳ ವರ್ಷ ತೇಲಿತು. ಆಮೇಲೆ ಕಬ್ಬಿಣದ ಹಡಗುಗಳು ಬಂದವು. ಇದರ ಹಾಯಿಗಳನ್ನು ಬಿಚ್ಚಿ, ಹೊಟ್ಟೆಗೆ ಕಲ್ಲಿದ್ದಲು ತುಂಬಿಟ್ಟರು.

ನಾನು ಹಡಗುಕಟ್ಟೆಗೆ ಹೋದೆ. ಚುಕ್ಕಾಣಿಯ ಕೆಳಗಿನ ಹಲಗೆಯಲ್ಲಿ ನೀನು ನಿಂತು ನಿಂತು ಸವೆದ ಜಾಗ ಹಾಗೇ ಇತ್ತು, ಎರಡು ಪಾದದಷ್ಟು ತಗ್ಗು. ಆ ಹಲಗೆ ಬೇಕೆಂದು ಕೇಳಲು ಬಾಯಿ ಬರಲಿಲ್ಲ. ಹೋಗಿ ಅದರ ಮೇಲೆ ಕುಳಿತೆ.

"ಏಳಮ್ಮ, ಗರಗಸ ಬರ್ತಿದೆ," ಎಂದ ಮೇಸ್ತ್ರಿ ಥೋರ್ವಾಲ್.

"ನನ್ನ ಸುತ್ತ ಕೊಯ್ಕೊಳ್ಳಿ."

"ಓಕ್ ಮರ ಎಲ್ಲಾ ಹರಾಜಿಗೆ ಹೋಗ್ಬೇಕು."

"ಹುಡುಗಿನೂ ಸೇರಿಸಿ ಕೂಗ್ಬಿಡಿ, ಒಳ್ಳೆ ಬೆಲೆ ಬರುತ್ತೆ," ಎಂದ ಗರಗಸದವನು. ಎಲ್ಲರೂ ನಕ್ಕರು. ನನ್ನ ಮುಖ ಬಿಸಿಯಾಯಿತು, ಆದರೂ ಏಳಲಿಲ್ಲ.

ಥೋರ್ವಾಲ್ ಬಗ್ಗಿ ಆ ತಗ್ಗನ್ನು ನೋಡಿದ. "ಯಾರ ಮಗಳು ನೀನು?"

ನಿನ್ನ ಹೆಸರು ಹೇಳಿದೆ. ಅವನು ಟೋಪಿ ತೆಗೆದ. "ಸುತ್ತಾನೇ ಕೊಯ್ರೋ," ಎಂದ.

ಹಲಗೆಯನ್ನು ನಮ್ಮ ಹಳದಿ ಮನೆಯ ಹೊಸ್ತಿಲಿಗೆ ಹಾಕಿಸಿದ್ದೇನೆ. ಅಮ್ಮ ಮರದ ಚಪ್ಪಲಿ ಬಿಟ್ಟು ಆ ತಗ್ಗಿನಲ್ಲಿ ಸ್ವಲ್ಪ ಹೊತ್ತು ನಿಂತಳು. ನೀನು ಹೊರಟ ದಿನ ಬಾಗಿಲವರೆಗೆ ಬಂದವಳು ಅವಳೊಬ್ಬಳೇ, ನಾನು ಒಳಗೇ ಉಳಿದೆ.

ಆಗ ತೊಟ್ಟಿಲಲ್ಲಿದ್ದ ತಮ್ಮ ಎಸ್ಕಿಲ್ ಸೋಮವಾರ ಹಡಗು ಹತ್ತುತ್ತಾನೆ. ಅವನು ಬೀದಿಯ ಕೊನೆಯಲ್ಲಿ ತಿರುಗುವವರೆಗೂ ನಾನು ಅದೇ ಹಲಗೆಯ ಮೇಲೆ ನಿಂತಿರುತ್ತೇನೆ.

ಬೋಡಿಲ್