ಇಬ್ಬರಿಗೆ ಗಂಜಿ

ಕಿಲ್ಕೆನ್ನಿ, ಐರ್ಲೆಂಡ್, ಫೆಬ್ರವರಿ ೨೦೨೧

ತಂಗಿ,

‘ಇಲ್ಲದ ನಾಡಿಗೂ ದೊರೆ ಬೇಕು’ ಎಂದೇನೋ ಒಂದು ಸಾಲಿತ್ತಲ್ಲ? ‘ಬೇಕು’ ಎಂದಿತ್ತೋ, ‘ಬೇಕೆ?’ ಎಂದಿತ್ತೋ? ನನ್ನ ಪಿಎಚ್.ಡಿ. ಪ್ರಬಂಧದ ಎಸ್ಟೋನಿಯಾ ಪ್ರಧಾನಿಯದೂ ಅದೇ ಕಥೆ. ದೇಶ ಸೋವಿಯತ್ತಿನ ಪಾಲಾದ ಮೇಲೆ ಪರದೇಶದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಆಳಲು ಒಂದು ಓಣಿಯೂ ಇಲ್ಲದೆ, ತೀರಿಕೊಂಡ ಮಂತ್ರಿಗಳ ಜಾಗಕ್ಕೆ ಹೊಸಬರನ್ನು ನೇಮಿಸುತ್ತಲೇ ಮುದುಕರಾದರು.

ಪ್ರಬಂಧ ಮುಗಿಯದೆ ಬರಲಾರೆ ಎನ್ನುತ್ತಿದ್ದವಳು ಇದ್ದಕ್ಕಿದ್ದಂತೆ ವಿಮಾನದ ಟಿಕೆಟ್ ತೆಗೆಸು ಎಂದು ಮೆಸೇಜ್ ಕಳಿಸಿದ್ದೇಕೆ ಎಂದು ಕೇಳಿದ್ದೀಯ. ಕೋವಿಡ್ ಜ್ವರ ಇಳಿದಿದೆ, ಆದರೆ ದನಿ ಇನ್ನೂ ಬಂದಿಲ್ಲ. ಅದಕ್ಕೇ ಈ ಕಾರ್ಡು.

ಪಕ್ಕದ ಮನೆಯ ಜುಲಿಯಾನಾ ಮಂಗಳೂರಿನವಳು, ಇಲ್ಲಿ ನರ್ಸ್. ಫೋನಿನಲ್ಲಿ ನಿನಗೆ ಪ್ರಧಾನಿಯ ಸುದ್ದಿ ಹೇಳುವಾಗ ನಾನು ‘ಅವರು ಊರಿಗೆ ಮರಳಲೇ ಇಲ್ಲ’, ‘ಅವರಿಗೆ ನಿದ್ದೆಯಿಲ್ಲ’ ಎಂದದ್ದೆಲ್ಲ ತೆಳು ಗೋಡೆಯಾಚೆ ಅವಳಿಗೆ ಕೇಳಿದೆ. ‘ಅವರು’ ಎಂದರೆ ನನ್ನ ಗಂಡ ಎಂದುಕೊಂಡಿದ್ದಾಳೆ. ನಿನ್ನ ಭಾವ ತೀರಿಕೊಂಡ ಮೇಲೆ ಆ ಮಾತಿಗೆ ಹಾಗೊಂದು ಅರ್ಥವಿತ್ತೆಂಬುದೇ ನನಗೆ ಮರೆತಿತ್ತು. ನಾನು ಮಲಗಿದಂದಿನಿಂದ ದಿನವೂ ಇಬ್ಬರಿಗಾಗುವಷ್ಟು ಗಂಜಿಯನ್ನು ಬಾಗಿಲಲ್ಲಿಟ್ಟು ಹೋಗುತ್ತಿದ್ದಳು.

ಮೊನ್ನೆ ಮಧ್ಯಾಹ್ನ, ಮನೆಯಲ್ಲಿ ನಾನೊಬ್ಬಳೇ ಎಂದು ಕೈಸನ್ನೆಯಲ್ಲಾದರೂ ತಿಳಿಸೋಣವೆಂದು ಬಾಗಿಲು ತೆರೆದೆ. ಅವಳು ಗೇಟಿನವರೆಗೆ ಹಿಂದೆ ಸರಿದು, ಮಾಸ್ಕ್ ಮೇಲೆಳೆದುಕೊಂಡು, ನಾನು ಸನ್ನೆ ಮಾಡುವ ಮೊದಲೇ ಗದರಿದಳು:

“ಅಕ್ಕಾ, ಅವರಿಗೆ ಸ್ವಲ್ಪ ಮಲಗ್ಲಿಕ್ಕೆ ಹೇಳಿ ಮಾರಾಯ್ರೆ! ಈಗಷ್ಟೇ ನಿಮ್ಮ ಮನೆಯ ಮೇಲಿನ ಕಿಟಕಿಯಲ್ಲಿ ನಿಂತಿದ್ರು. ನಾನು ಕೈ ಬೀಸಿದೆ, ನೋಡ್ಲೇ ಇಲ್ಲ.”