ಸೇತುವೆ ಊರಿನ ಮಂಜು

ಮಾರ್ಚ್ 2
ಆರೂವರೆಯ ಹವಾಮಾನ ವರದಿ ಹೋಯಿತು. ಹನ್ನೊಂದು ಊರುಗಳ ಅಂಕಿ ಟೈಪ್ ಮಾಡಿ ಕೊಟ್ಟೆ. ರೇಡಿಯೋದಲ್ಲಿ ಓದುವವನು ಎಂದಿನಂತೆ 'ತೇವಾಂಶ'ದಲ್ಲಿ ಎಡವಿದ. ಜನವರಿಯವರೆಗೆ ಒಂಬತ್ತೇ ಊರು. ಈಗ ಬಂದರು, ಗಣಿ ಪಟ್ಟಣ ಎರಡೂ 'ಮರಳಿ ಬಂದಿವೆ'. ಮಹಾನಾಯಕರ ಮಾತು ಅದು. ಹಳೆಯ ಫೈಲು ತೆಗೆದು ನೋಡಿದೆ. ಎಂದೂ ನಮ್ಮವಾಗಿರಲಿಲ್ಲ.
ಇನ್ನೊಂದು — ಆ ಹೆಸರುಗಳು ನನ್ನ ಪಟ್ಟಿಗೆ ಬಂದದ್ದು ಸೈನ್ಯ ಹೋಗುವುದಕ್ಕೆ ಮೊದಲು. ಒಂದು ಆರು ದಿನ. ಇನ್ನೊಂದು ನಾಲ್ಕು.

ಮಾರ್ಚ್ 9
ಡೈರೆಕ್ಟರ್ ಹೊಸ ಪಟ್ಟಿ ಕೊಟ್ಟರು. ಹನ್ನೆರಡನೆಯ ಹೆಸರು ಸೇತುವೆ ಊರು. ಗಡಿ ನದಿಯ ಆಚೆ ದಡ. ಅಕ್ಕ ಮದುವೆಯಾಗಿ ಹೋದ ಊರು.
"ಸರ್, ಅದು ಬೇರೆ ದೇಶ. ಅಲ್ಲಿಯ ರೀಡಿಂಗ್ ನಮಗೆ ಬರಲ್ಲ."
"ಸುಮ್ನೆ ಒಂದು ನಂಬರ್ ಹಾಕಮ್ಮ. ಯಾರು ಹೋಗಿ ಅಳೀತಾರೆ?"
ಹಾಗೆ ಹಾಕಿ ಅಭ್ಯಾಸವಿಲ್ಲ. ಅಕ್ಕನಿಗೆ ಫೋನ್ ಮಾಡಿದೆ. ಅವಳ ಬಾಲ್ಕನಿಯಲ್ಲಿ ಥರ್ಮಾಮೀಟರ್ ಇದೆ, ನಾನೇ ಕೊಟ್ಟದ್ದು.
"ಹದಿನೆಂಟೂವರೆ. ಏನೇ, ನಿಮ್ಮ ದೊಡ್ಡೋರ ಕಣ್ಣು ಈಗ ನಮ್ಮನೆ ಬಾಲ್ಕನಿ ಮೇಲೂ ಬಿತ್ತಾ?"
ಇಬ್ಬರೂ ನಕ್ಕೆವು. ಮೊದಲು ಹೆಸರು, ಆಮೇಲೆ ಸೈನ್ಯ — ಅದನ್ನು ಹೇಳಲಿಲ್ಲ. ಇದ್ದದ್ದು ಎರಡೇ ಉದಾಹರಣೆ. ಎರಡರಿಂದ ಏನನ್ನೂ ತೀರ್ಮಾನಿಸಲಾಗದು.

ಮಾರ್ಚ್ 12
ಪತ್ರಿಕೆಯ ಆರನೇ ಪುಟ, ಕೆಳಗೆ: ನದಿ ದಾಟಿದರೆ ಯುದ್ಧ ಎಂದು ಮೂರು ದೇಶಗಳ ಎಚ್ಚರಿಕೆ.
ಡೈರೆಕ್ಟರ್‌ಗೆ ಖುಷಿ. "ನಿನ್ನ ಅಂಕಿ ಪಕ್ಕಾ ಅಂತೆ. ಮೇಲಿನವರು ಹೇಳಿದ್ರು."
ಆಚೆ ದಡದ ಅಂಕಿಯನ್ನು ಮೇಲಿನವರು ಹೇಗೆ ತಾಳೆ ನೋಡಿದರು?
"ಮಂಜು ಎಷ್ಟೊತ್ತಿಗೆ ಕರಗುತ್ತೆ, ನದಿ ನೀರು ಎಷ್ಟಿದೆ, ಅದೂ ಬೇಕು. ರೇಡಿಯೋಗಲ್ಲ. ಚೀಟೀಲಿ ಬರೆದು ನನ್ನ ಕೈಗೆ ಕೊಡು."

ಮಾರ್ಚ್ 13
ಅಕ್ಕ: "ಏಳಕ್ಕೆ ಹತ್ತು ನಿಮಿಷ ಇರೋವರೆಗೂ ಎದುರು ದಡವೇ ಕಾಣಲ್ಲ ಕಣೇ. ನೀರು ಮೊಣಕಾಲುದ್ದ." ಹಿಂದಿನಿಂದ ಭಾವ ಕೂಗಿದರು — "ನಮಗೂ ಅಲ್ಲೇ ಒಂದು ನೌಕರಿ ಕೊಡಿಸೋಕೆ ಹೇಳು!"
ಆಮೇಲೆ ಅಕ್ಕ ದನಿ ತಗ್ಗಿಸಿದಳು. "ನಿಮ್ಮ ಕಡೆ ಏನು ಕಟ್ತಿದ್ದಾರೆ? ಮಂಜಿನೊಳಗಿಂದ ಸುತ್ತಿಗೆ ಶಬ್ದ ಬರುತ್ತೆ. ಮಂಜು ಕರಗಿದ್ಮೇಲೆ ನೋಡಿದ್ರೆ ಏನೂ ಇರಲ್ಲ."
ಚೀಟಿ ಕೊಟ್ಟೆ. 6:50. ಮೊಣಕಾಲುದ್ದ.

ಮಾರ್ಚ್ 15, ಗುರುವಾರ
ಸುತ್ತಿಗೆ ಶಬ್ದ ತಲೆಯಿಂದ ಹೋಗುತ್ತಿಲ್ಲ. ಫೋನ್ ಮಾಡಿದೆ.
"ಇಬ್ಬರೂ ಇವತ್ತೇ ಇಲ್ಲಿಗೆ ಬಂದ್ಬಿಡಿ."
"ಯಾಕೆ?"
"ಸುಮ್ನೆ."
"ನೀನು ಸುಮ್ನೆ ಅನ್ನೋಳಲ್ಲ. ಏನಾಯ್ತು ಹೇಳೇ."
ಲೈನಿನಲ್ಲಿ ಟಿಕ್ ಎಂಬ ಸದ್ದು. ಯಾರೋ ಉಸಿರಾಡುತ್ತಿದ್ದರು. ಅಕ್ಕನಲ್ಲ. "ಏನಿಲ್ಲ" ಎಂದೆ. ಭಾನುವಾರ ಬರುತ್ತೇವೆ ಎಂದಳು.

ಮಾರ್ಚ್ 16, ಬೆಳಗ್ಗೆ 7:05
ರೇಡಿಯೋದಲ್ಲಿ ಹಾಡು ನಿಂತಿತು. ನಮ್ಮ ಪಡೆ 6:10ಕ್ಕೆ ಮಂಜಿನ ಮರೆಯಲ್ಲಿ ನದಿ ದಾಟಿದೆಯಂತೆ. 6:50ಕ್ಕೆ ಮಂಜು ಕರಗುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ.
ನನ್ನ ಚೀಟಿ.
ಅಕ್ಕನ ಫೋನ್ ಬಡಿದುಕೊಳ್ಳುತ್ತಿದೆ. ಯಾರೂ ಎತ್ತುತ್ತಿಲ್ಲ.

ಮಾರ್ಚ್ 19
ಮೂರೂ ದೇಶಗಳು ಯುದ್ಧ ಸಾರಿವೆ. ಕಿಟಕಿ ಗಾಜಿಗೆ ಕಾಗದದ ಪಟ್ಟಿ ಅಂಟಿಸಿದೆವು. ಓದುವವನಿಗೆ ಸೈನ್ಯದಿಂದ ಕರೆ ಬಂದಿದೆ, ಹೋದ.
ಡೈರೆಕ್ಟರ್: "ಸೇತುವೆ ಊರಿನದು ಎಲ್ಲಿ? ಫೋನ್ ಮಾಡು. ಈಗ ಲೋಕಲ್ ಕಾಲ್."
ಅಕ್ಕನ ನಂಬರಿಗೆ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. ಗಂಡಸು, ಭಾವನಲ್ಲ. ನಾನು ಬಾಯಿ ತೆರೆಯುವ ಮೊದಲೇ — "ಹದಿನಾರು. ಮಂಜು ಇಲ್ಲ. ಬರ್ಕೊಂಡ್ರಾ, ಮೇಡಂ?"
ಇಟ್ಟುಬಿಟ್ಟ. ಹಿಂದೆ ಯಾರೋ ಪಾತ್ರೆ ತೊಳೆಯುತ್ತಿದ್ದ ಸದ್ದು.

ಮಾರ್ಚ್ 25
ಏಳು ದಿನ, ಅದೇ ದನಿ. ಅವನ ಅಂಕಿಯನ್ನು ನಮ್ಮ ಕಡೆಯ ಹತ್ತಿರದ ಊರಿನ ಅಂಕಿಯ ಜೊತೆ ಹೋಲಿಸಿದೆ. ಅರ್ಧ ಡಿಗ್ರಿ ಕೂಡ ತಪ್ಪಿಲ್ಲ.
ಇವತ್ತು ಕೇಳಿಯೇಬಿಟ್ಟೆ. "ಆ ಮನೆ ಹೆಂಗಸು ಎಲ್ಲಿ?"
"ಯಾವ ಹೆಂಗಸು? ಇಲ್ಲಿ ನಾನೊಬ್ಬನೇ ಇರೋದು."
ಪಾತ್ರೆಯ ಸದ್ದು ಥಟ್ಟನೆ ನಿಂತಿತು.

ಮಾರ್ಚ್ 26, ಬೆಳಗ್ಗೆ 9:40
ಹದಿಮೂರನೆಯ ಹೆಸರು ಬಂದಿದೆ. ಕಣಿವೆ ಊರು, ಅಕ್ಕನ ಬಾಲ್ಕನಿಯಿಂದ ಕಾಣುತ್ತದೆ. ಅಲ್ಲಿ ಮಂಜು ಎಷ್ಟು ಹೊತ್ತು ನಿಲ್ಲುತ್ತದೆ, ಚೀಟಿ ಬೇಕು. ಸೈನ್ಯ ನಾಳೆಯೇ ಹೊರಡಬಹುದು.
ಫೋನ್ ಮಾಡಿದೆ. "ಕಣಿವೆದು ನಂಗೊತ್ತಾಗಲ್ಲ. ಇವರು ಹೇಳ್ತಾರೆ," ಎಂದ ಗಂಡಸು. ಫೋನ್ ಕೈ ಬದಲಾಯಿತು.
"ಮಂಜು ಒಂಬತ್ತು ಗಂಟೆವರೆಗೂ ಇತ್ತು," ಎಂದಳು ಅಕ್ಕ. ಓದಿ ಒಪ್ಪಿಸುವವರ ಹಾಗೆ. "ದಿನಾ ಹಂಗೇ ಇರುತ್ತೆ. ಬರ್ಕೊಂಡ್ರಾ, ಮೇಡಂ?"
"ಅಕ್ಕಾ—"
ಕಟ್.
ನಾಲ್ಕು ದಿನದಿಂದ ಒಣಗಾಳಿ. ಈ ಗಾಳಿಯಲ್ಲಿ ಮಂಜು ಆರಕ್ಕೇ ಕರಗುತ್ತದೆ. ಒಂಬತ್ತು ಎಂದು ನಂಬಿ ಹೊರಟರೆ ನಮ್ಮ ಸೈನಿಕರು ಬಟ್ಟಬಯಲಿನಲ್ಲಿ ಸಿಕ್ಕಿಬೀಳುತ್ತಾರೆ. ಅಕ್ಕನಿಗೆ ಅದು ಗೊತ್ತು. ಸುಳ್ಳು ಹೇಳಿದ್ದು ಯಾರೆಂದು ಆಮೇಲೆ ಸೈನ್ಯಕ್ಕೂ ಗೊತ್ತಾಗುತ್ತದೆ, ಅವಳನ್ನು ಬಿಡುವುದಿಲ್ಲ. ತಿದ್ದಿ ಆರು ಎಂದು ಬರೆದರೆ ಅವಳು ಉಳಿಯುತ್ತಾಳೆ. ಕಣಿವೆಯವರು…
ಡೈರೆಕ್ಟರ್ ಬಾಗಿಲಲ್ಲಿ ನಿಂತು ಕೈಚಾಚಿದ್ದಾರೆ. "ಆಯ್ತೇನಮ್ಮ?"
ಚೀಟಿಯಲ್ಲಿ ಬರೆದೆ. ಒಂಬತ್ತು.